ಚೂಪುಗಿವಿಯವನೂ ನಾವೂ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಅಂಚೆಚೀಟಿ ಕೂಡಿಸುವ ಹುಚ್ಚು, ಕೆಲವರಿಗೆ ಕ್ರಿಕೆಟ್ಟಿನ ಹುಚ್ಚು, ಇನ್ನು ಕೆಲವರಿಗೆ ಸಿನಿಮಾ ನಟರ ಹುಚ್ಚು. ರಾಜಕುಮಾರ್ ಅವರ ಹೊಸ ಚಿತ್ರ ಬಂತೆಂದರೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ನೋಡಿ ಬರುತ್ತಿದ್ದವರನ್ನೂ, ಎಂ.ಜಿ.ಆರ್. ಅವರ ಪಟವನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದವರನ್ನೂ ನಾವು ಒಂದೇ ಬೀದಿಯಲ್ಲಿ ಕಂಡಿದ್ದೇವೆ. ನಮ್ಮ ಮನೆಯ ಮಕ್ಕಳಾದ ನಮಗೆ ಹಿಡಿದಿದ್ದ ಹುಚ್ಚು ಮಾತ್ರ ಇವು ಯಾವುವಕ್ಕೂ ಸೇರಿದ್ದಲ್ಲ. ನಾವು ಮೆಚ್ಚಿಕೊಂಡಿದ್ದ ನಾಯಕನು ಕರ್ನಾಟಕದವನಲ್ಲ, ತಮಿಳುನಾಡಿನವನಲ್ಲ, ಪೂರ್ತಿಯಾಗಿ ಈ ಭೂಮಿಯವನೂ ಅಲ್ಲ. ಅವನ ಹೆಸರು ಸ್ಪಾಕ್. ಕಿವಿಯ ತುದಿ ಚೂಪಾಗಿದ್ದುದರಿಂದ ನಮ್ಮ ಅಜ್ಜಿ ಅವನಿಗೆ ಇಟ್ಟ ಹೆಸರು 'ಚೂಪುಗಿವಿಯವನು'. ನಮ್ಮ ಮನೆಯಲ್ಲಿ ಆ ಹೆಸರೇ ನಿಂತುಹೋಯಿತು.

ಇದು 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿಯ ಮಾತು. ಜೀನ್ ರಾಡನ್‌ಬೆರಿ ಎಂಬವರು ರೂಪಿಸಿದ ಈ ಧಾರಾವಾಹಿ ಆ ದೇಶದಲ್ಲಿ 1966ರ ಸೆಪ್ಟೆಂಬರಿನಿಂದ 1969ರ ಜೂನ್‌ವರೆಗೆ ಪ್ರಸಾರವಾಯಿತು. ಒಟ್ಟು 79 ಕಂತುಗಳು. ಮುಂದಿನ ಶತಮಾನಗಳಲ್ಲಿ 'ಎಂಟರ್‌ಪ್ರೈಸ್' ಎಂಬ ನೌಕೆಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುವ ಜನರ ಕಥೆ. ನೌಕೆಯ ನಾಯಕ ಕರ್ಕ್, ಮುಂಗೋಪಿ ವೈದ್ಯ ಮೆಕಾಯ್, ಇವರಿಬ್ಬರ ನಡುವೆ ಎಂದೂ ನಗದ, ಎಂದೂ ಸಿಟ್ಟಾಗದ, ಎಲ್ಲವನ್ನೂ ತರ್ಕದಿಂದ ತೂಗಿ ನೋಡುವ ಅಧಿಕಾರಿ ಸ್ಪಾಕ್. ಎರಡು ವರ್ಷವಾದ ಮೇಲೆ ಧಾರಾವಾಹಿಯನ್ನು ನಿಲ್ಲಿಸುವ ಮಾತು ಬಂದಾಗ ಅಲ್ಲಿಯ ಪ್ರೇಕ್ಷಕರು ಸಾವಿರಾರು ಪತ್ರಗಳನ್ನು ಬರೆದು ಮೂರನೆಯ ವರ್ಷಕ್ಕೆ ಮುಂದುವರಿಯುವಂತೆ ಮಾಡಿದರಂತೆ. ಹುಚ್ಚು ಹಿಡಿದವರು ನಾವಷ್ಟೇ ಅಲ್ಲ ಎಂದು ತಿಳಿದಾಗ ನಮಗೆ ಎಷ್ಟೋ ಸಮಾಧಾನವಾಯಿತು!

ನಮ್ಮ ದೇಶದಲ್ಲಿ ದೂರದರ್ಶನವು ಇದನ್ನು 1980ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ತೋರಿಸುತ್ತಿತ್ತು. ಆಗ ನಾವಿದ್ದುದು ಹೊಸೂರಿನಲ್ಲಿ. ಈಗಿನ ಮಕ್ಕಳು ಹೊಸೂರೆಂದರೆ ಕೃಷ್ಣಗಿರಿ ಜಿಲ್ಲೆ ಎನ್ನುತ್ತಾರೆ. ಅದು 2004ರಿಂದ ಈಚಿನ ಮಾತು. ನಾವು ಹುಡುಗರಾಗಿದ್ದಾಗ ಅದು ಧರ್ಮಪುರಿ ಜಿಲ್ಲೆ. ನಮ್ಮ ಅಜ್ಜಿಗಂತೂ ಕೊನೆಯವರೆಗೂ ಅದು ಸೇಲಂ ಜಿಲ್ಲೆಯೇ, ಏಕೆಂದರೆ ಧರ್ಮಪುರಿಯು ಸೇಲಮ್ಮಿನಿಂದ ಬೇರೆಯಾದದ್ದು 1965ರಲ್ಲಿ. ಮನೆ ಬದಲಾಯಿಸದೆ ಜಿಲ್ಲೆ ಬದಲಾಯಿಸಿದವರು ನಾವು.

ಆ ಕಾಲಕ್ಕೆ ಹೊಸೂರಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ, ಅನಂತರ ಟೈಟನ್ ಗಡಿಯಾರದ ಕಾರ್ಖಾನೆ ಬಂದವು. ಅವುಗಳ ಜೊತೆಗೆ ಕೊಯಮತ್ತೂರಿನಿಂದ, ಸೇಲಮ್ಮಿನಿಂದ, ಮದರಾಸಿನಿಂದ ಜನ ಬಂದರು. ನಮ್ಮ ಬೀದಿಯಲ್ಲಿ ಕನ್ನಡದ ಮನೆ, ತೆಲುಗಿನ ಮನೆ, ತಮಿಳಿನ ಮನೆ, ಉರ್ದುವಿನ ಮನೆ ಒಂದರ ಗೋಡೆಗೆ ಒಂದು ಆತುಕೊಂಡಿದ್ದವು. ಟೀವಿ ಮಾತ್ರ ಒಂದೇ ಮನೆಯಲ್ಲಿತ್ತು. ಅದು ಸೇಲಂ ಕಡೆಯಿಂದ ಬಂದಿದ್ದ ಒಬ್ಬ ಫೋರ್‌ಮನ್ನರ ಮನೆ. ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಮುಂಗೋಣೆಯಲ್ಲಿ ಚಾಪೆ ಹಾಸಿ, ಬಾಗಿಲು ತೆರೆದಿಟ್ಟು, 'ಉಕ್ಕಾರುಂಗ, ಉಕ್ಕಾರುಂಗ' ಎನ್ನುತ್ತಿದ್ದರು. ನಮ್ಮ ಅವ್ವ ಅವರನ್ನು 'ಅಕ್ಕಾ' ಎಂದು ಕರೆಯುತ್ತಿದ್ದಳು. ಹಬ್ಬದಲ್ಲಿ ನಮ್ಮ ಮನೆಯ ಒಬ್ಬಟ್ಟು ಆ ಮನೆಗೂ ಆ ಮನೆಯ ಮುರುಕ್ಕು ನಮ್ಮ ಮನೆಗೂ ತಪ್ಪದೆ ಹೋಗಿ ಬರುತ್ತಿದ್ದವು.

ಟೀವಿಯು ನಾಲ್ಕು ಕಾಲಿನ ಮರದ ಪೆಟ್ಟಿಗೆ, ಚಿತ್ರ ಕಪ್ಪು ಬಿಳುಪು. ಛಾವಣಿಯ ಮೇಲೆ ಉದ್ದನೆಯ ಕೊಳವೆಗೆ ಕಟ್ಟಿದ ಆಂಟೆನಾ ಬೆಂಗಳೂರಿನ ಕಡೆಗೆ ಮುಖಮಾಡಿ ನಿಂತಿರುತ್ತಿತ್ತು. ಕಾಗೆ ಕೂತರೆ ಚಿತ್ರ ಅಲುಗಾಡುತ್ತಿತ್ತು, ಗಾಳಿ ಬೀಸಿದರೆ ಎಂಟರ್‌ಪ್ರೈಸ್ ನೌಕೆ ಎರಡಾಗುತ್ತಿತ್ತು. ಒಬ್ಬ ಹುಡುಗ ಛಾವಣಿಯ ಮೇಲೆ ನಿಂತು ಕೊಳವೆಯನ್ನು ತಿರುಗಿಸುವುದು, ಮತ್ತೊಬ್ಬ ಕಿಟಕಿಯಿಂದ 'ಬಂತು, ಬಂತು, ಹೋಯಿತು' ಎಂದು ಕೂಗುವುದು ಪ್ರತಿ ವಾರದ ಕೆಲಸ. ಕಥೆ ರಂಗೇರಿದ ಹೊತ್ತಿಗೆ ಪ್ರಸಾರ ನಿಂತು 'ರುಕಾವಟ್ ಕೇ ಲಿಯೇ ಖೇದ್ ಹೈ' ಎಂಬ ಫಲಕ ಬರುತ್ತಿತ್ತು. ತಮಿಳುನಾಡಿನ ಶಾಲೆಗಳಲ್ಲಿ ಹಿಂದಿ ಕಲಿಸುತ್ತಿರಲಿಲ್ಲ. ಹೀಗಾಗಿ ನಮ್ಮ ಬೀದಿಯ ಮಕ್ಕಳೆಲ್ಲರೂ ಬಾಯಿಪಾಠ ಮಾಡಿದ ಮೊದಲ ಹಿಂದಿ ವಾಕ್ಯ ಅದೇ!

ಧಾರಾವಾಹಿಯು ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ನಮಗೆ ಆ ಇಂಗ್ಲಿಷು ಕಿವಿಗೆ ಬಿದ್ದರೂ ತಲೆಗೆ ಹತ್ತುತ್ತಿರಲಿಲ್ಲ. ಹತ್ತನೆಯ ತರಗತಿಯಲ್ಲಿದ್ದ ನಮ್ಮ ದೊಡ್ಡಣ್ಣನೊಬ್ಬನೇ ಅಷ್ಟಿಷ್ಟು ತಿಳಿದವನು. ಅವನು ಒಂದು ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ ಪದಗಳನ್ನು ಗೀಚಿಕೊಳ್ಳುತ್ತಿದ್ದ. ಮನೆಗೆ ಬಂದ ಮೇಲೆ ನಿಘಂಟು ತೆರೆದು ಅರ್ಥ ಹುಡುಕುತ್ತಿದ್ದ. ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಕೂತು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಬೆಳಿಗ್ಗೆ ನೋಡಿದ ಕಥೆ ನಮಗೆ ಅರ್ಥವಾಗುತ್ತಿದ್ದುದು ರಾತ್ರಿ.

ಕನ್ನಡದಲ್ಲಿ ಹೇಳಬೇಕಾದರೆ ಪದಗಳು ಬೇಕಲ್ಲ! ಜನರು ಒಂದು ವೇದಿಕೆಯ ಮೇಲೆ ನಿಂತು ಮಿನುಗಿ ಮಾಯವಾಗಿ ಬೇರೊಂದು ಗ್ರಹದಲ್ಲಿ ಕಾಣಿಸಿಕೊಳ್ಳುವ ಯಂತ್ರವೊಂದಿತ್ತು. ಅದಕ್ಕೆ ನಾವು 'ಕರಗುವ ಕಟ್ಟೆ' ಎಂದು ಹೆಸರಿಟ್ಟೆವು. ಅವರ ಆಯುಧ 'ಬೆಳಕಿನ ಕೋವಿ' ಆಯಿತು. ಯಾವ ಗ್ರಹದವರ ಮಾತನ್ನಾದರೂ ತಿಳಿಯುವಂತೆ ಮಾಡುವ ಯಂತ್ರಕ್ಕೆ ಮಾತ್ರ ಹೆಸರು ಹುಡುಕುವ ಕಷ್ಟವಾಗಲಿಲ್ಲ, 'ಶೆಟ್ಟರು' ಎಂದೆವು. ನಮ್ಮ ಬೀದಿ ಕೊನೆಯ ಅಂಗಡಿಯ ಶೆಟ್ಟರು ಒಂದು ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳಿ, ಇನ್ನೊಬ್ಬರಿಗೆ ತಮಿಳಿನಲ್ಲಿ ಚಿಲ್ಲರೆ ಎಣಿಸಿ, ಮೂರನೆಯವರ ಸಾಲವನ್ನು ತೆಲುಗಿನಲ್ಲಿ ಕೇಳಿ, ನಾಲ್ಕನೆಯವರನ್ನು ಉರ್ದುವಿನಲ್ಲಿ ಕುಶಲ ವಿಚಾರಿಸುತ್ತಿದ್ದರು.

ಓದು ಬರಹ ಬಾರದ ನಮ್ಮ ಅಜ್ಜಿ ಜಗಲಿಯ ಕಥೆಗೆ ತಪ್ಪದೆ ಬಂದು ಕೂರುತ್ತಿದ್ದಳು. ನೌಕೆಯ ವೇಗ, ಬೆಳಕಿನ ಕೋವಿ ಇವು ಆಕೆಗೆ ಬೇಡ. ಆಕೆಯ ಮೊದಲ ಪ್ರಶ್ನೆಯೇ, "ಆ ಚೂಪುಗಿವಿಯವನಿಗೆ ತಾಯಿ ಇದಾಳೇನ್ರೋ?" ಎಂದು.

ಇದ್ದಳು. 1967ರಲ್ಲಿ ತಯಾರಾದ ಒಂದು ಕಂತಿನಲ್ಲಿ ಸ್ಪಾಕನ ತಂದೆತಾಯಿಗಳು ನೌಕೆಗೆ ಬರುತ್ತಾರೆ. ತಂದೆ ಸಾರೆಕ್ ವಲ್ಕನ್ ಎಂಬ ಗ್ರಹದ ರಾಯಭಾರಿ. ತಾಯಿ ಅಮಾಂಡಾ ನಮ್ಮ ಭೂಮಿಯ ಹೆಂಗಸು. ಮಗನು ತಾನು ಹೇಳಿದ ವಿದ್ಯಾಸಂಸ್ಥೆಗೆ ಸೇರದೆ ನೌಕೆಯ ಕೆಲಸಕ್ಕೆ ಹೋದನೆಂದು ತಂದೆ 18 ವರ್ಷಗಳಿಂದ ಅವನೊಡನೆ ತಂದೆಯಂತೆ ಮಾತಾಡಿಲ್ಲ. ಪ್ರಯಾಣದ ನಡುವೆ ತಂದೆಗೆ ಹೃದಯದ ಕಾಯಿಲೆ ಉಲ್ಬಣಿಸಿ ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಗುತ್ತದೆ. ಕೊಡಬಲ್ಲವನು ಮಗನೊಬ್ಬನೇ. ಆದರೆ ನಾಯಕನು ಗಾಯಗೊಂಡು ಮಲಗಿದ್ದಾನೆ, ನೌಕೆಯ ಭಾರ ಮಗನ ಮೇಲೆ ಬಿದ್ದಿದೆ. ಕರ್ತವ್ಯ ಬಿಟ್ಟು ಬರಲಾರೆನೆಂದು ಅವನೆಂದಾಗ ತಾಯಿ ಅವನ ಕೆನ್ನೆಗೆ ಹೊಡೆಯುತ್ತಾಳೆ. ಕೊನೆಗೆ ನಾಯಕನು ನೋವನ್ನು ನುಂಗಿಕೊಂಡು ಎದ್ದು ಬಂದು ಸ್ಪಾಕನನ್ನು ಬಿಡಿಸುತ್ತಾನೆ. ತಂದೆ ಬದುಕುತ್ತಾನೆ.

ಅಣ್ಣ ಕಥೆ ಮುಗಿಸಿದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹದಿನೆಂಟು ವರ್ಷ ಮಾತು ಬಿಟ್ಟಿದ್ದರೂ ರಕ್ತ ಬೇಕಾದಾಗ ಮಗನೇ ಬೇಕಾದ ನೋಡ್ರಪ್ಪಾ" ಎಂದಳು. ಅನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಊರಲ್ಲಿ ಅವನನ್ನು ಅಮ್ಮನ ಕಡೆಯವನು ಅಂತಾರೆ, ಅಮ್ಮನ ಊರಲ್ಲಿ ಅಪ್ಪನ ಕಡೆಯವನು ಅಂತಾರೆ. ಪಾಪ, ನಮ್ಮ ಹಾಗೇ" ಎಂದಳು.

ಅಜ್ಜಿಯ ಆ ಮಾತು ಸುಮ್ಮನೆ ಆಡಿದ್ದಲ್ಲ. ಗಡಿಯಲ್ಲಿ ಬಾಳುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾವು ರಜದಲ್ಲಿ ಬೆಂಗಳೂರಿನ ನೆಂಟರ ಮನೆಗೆ ಹೋದರೆ, 'ನಿಮ್ಮ ಕನ್ನಡ ತಮಿಳಿನ ಹಾಗೆ ಕೇಳುತ್ತದಲ್ಲ' ಎಂದು ನಗುತ್ತಿದ್ದರು. ಜಿಲ್ಲೆಯ ಕಚೇರಿಯೊಂದರಲ್ಲಿ ಅಪ್ಪ ಅರ್ಜಿ ಹಿಡಿದು ನಿಂತರೆ, 'ನೀಂಗ ಕನ್ನಡಕ್ಕಾರರಾ?' ಎಂಬ ಪ್ರಶ್ನೆ ಮೊದಲು ಬರುತ್ತಿತ್ತು. ಕೇಳಿದವರಲ್ಲಿ ಕೆಟ್ಟ ಮನಸ್ಸಿತ್ತೆಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿಗೆ ಹೋದರೆ ಇಲ್ಲಿಯವರು, ಇಲ್ಲಿಗೆ ಬಂದರೆ ಅಲ್ಲಿಯವರು ಎನಿಸಿಕೊಳ್ಳುವುದು ಚಿಕ್ಕ ಮಕ್ಕಳಿಗೆ ಸುಲಭವಲ್ಲ. 'ನಾವು ಯಾವ ಕಡೆಯವರು?' ಎಂದು ನಾವು ಅಪ್ಪನನ್ನು ಎಷ್ಟೋ ಸಲ ಕೇಳಿದ್ದುಂಟು. ಅಂಥ ನಮಗೆ ಎರಡು ಲೋಕಗಳಿಗೆ ಸೇರಿದ ಒಬ್ಬನು ಆ ಪೆಟ್ಟಿಗೆಯಲ್ಲಿ ಸಿಕ್ಕಿದ. ಅವನು ಎರಡು ದೋಣಿಗಳಲ್ಲಿ ಕಾಲಿಟ್ಟು ಮುಳುಗಿದವನಲ್ಲ. ಇಡೀ ನೌಕೆಗೆ ಕಷ್ಟ ಬಂದಾಗ ಎಲ್ಲರೂ ಅವನ ಕಡೆಗೆ ನೋಡುತ್ತಿದ್ದರು.

ನಮ್ಮಂತೆ ಇನ್ನೂ ಎಷ್ಟೋ ಮಕ್ಕಳಿಗೆ ಹೀಗೆ ಅನ್ನಿಸಿತ್ತೆಂಬುದು ಬಹಳ ವರ್ಷಗಳ ಮೇಲೆ ನಮಗೆ ತಿಳಿಯಿತು. 1968ರಲ್ಲಿ ಅಮೆರಿಕದ ಹುಡುಗಿಯೊಬ್ಬಳು ಹದಿಹರೆಯದವರ ಪತ್ರಿಕೆಯೊಂದರ ಮೂಲಕ ಸ್ಪಾಕನಿಗೆ ಪತ್ರ ಬರೆದಿದ್ದಳು. ಆಕೆಯ ತಾಯಿ ಕಪ್ಪು ಜನಾಂಗದವರು, ತಂದೆ ಬಿಳಿಯರು. ಇಬ್ಬರ ಕಡೆಯವರೂ ತನ್ನನ್ನು ತಮ್ಮವಳೆನ್ನುವುದಿಲ್ಲ ಎಂಬುದು ಅವಳ ಅಳಲು. ಸ್ಪಾಕನ ಪಾತ್ರ ಮಾಡಿದ ನಟ ಲೆನಾರ್ಡ್ ನಿಮಾಯ್ ಅದಕ್ಕೆ ಪತ್ರಿಕೆಯಲ್ಲಿಯೇ ದೀರ್ಘವಾದ ಉತ್ತರ ಬರೆದರು. ಸ್ಪಾಕನೂ ಬಾಲ್ಯದಲ್ಲಿ ಹೀಗೆಯೇ ನೊಂದಿದ್ದನೆಂದೂ, ಎಲ್ಲರ ಮೆಚ್ಚುಗೆಯ ಬೆನ್ನು ಹತ್ತುವುದನ್ನು ಬಿಟ್ಟು ತನ್ನ ಯೋಗ್ಯತೆಯನ್ನು ಬೆಳೆಸಿಕೊಂಡನೆಂದೂ, ಅದರಿಂದಲೇ ಅವನಿಗೆ ಬಲ ಬಂದಿತೆಂದೂ ಆ ಉತ್ತರದ ಸಾರ. ಹೊಸೂರಿನ ಜಗಲಿಗೆ ಆ ಪತ್ರಿಕೆ ಬರಲಿಲ್ಲ. ಬಂದಿದ್ದರೆ ಅಣ್ಣ ಅದನ್ನು ಖಂಡಿತ ಕನ್ನಡಕ್ಕೆ ತಿರುಗಿಸಿ ಓದಿ ಹೇಳುತ್ತಿದ್ದ.

ನಿಮಾಯ್ ಅವರ ಸ್ವಂತ ಕಥೆಯೂ ಇಂಥದೇ. ಅವರು 1931ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದರು. ತಂದೆತಾಯಿಗಳು ಈಗ ಉಕ್ರೇನಿನಲ್ಲಿರುವ ಊರಿನಿಂದ ವಲಸೆ ಬಂದ ಯೆಹೂದಿಗಳು. ಮನೆಯ ಮಾತು ಯಿದ್ದಿಶ್, ಬೀದಿಯ ಮಾತು ಇಂಗ್ಲಿಷ್. ಧಾರಾವಾಹಿಯಲ್ಲಿ ಸ್ಪಾಕನು ನಾಲ್ಕು ಬೆರಳುಗಳನ್ನು ಎರಡೆರಡಾಗಿ ಅಗಲಿಸಿ ಮಾಡುವ ವಂದನೆ ಈಗ ಲೋಕಪ್ರಸಿದ್ಧ. ಅದನ್ನು ಅವರು ತೆಗೆದುಕೊಂಡದ್ದು ತಮ್ಮವರ ಪ್ರಾರ್ಥನಾ ಮಂದಿರದಿಂದ. ಅಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಯಾರೂ ನೋಡಬಾರದೆಂಬ ನಿಯಮವಿತ್ತಂತೆ. ಬಾಲಕ ನಿಮಾಯ್ ಕದ್ದು ನೋಡಿದರು. ಪುರೋಹಿತರ ಬೆರಳುಗಳ ಆ ಭಂಗಿ ಮನಸ್ಸಿನಲ್ಲಿ ಉಳಿಯಿತು. ದೊಡ್ಡವರಾಗಿ ನಟರಾದ ಮೇಲೆ ದೂರದ ಗ್ರಹದವರ ವಂದನೆ ಹೇಗಿರಬೇಕೆಂಬ ಪ್ರಶ್ನೆ ಬಂದಾಗ, ತಮ್ಮ ಮನೆತನದ ಬುತ್ತಿಯನ್ನೇ ಬಿಚ್ಚಿ ಕೊಟ್ಟರು. ಮನೆಯ ಮಾತು, ಮನೆಯ ನಡೆ ಹೊರಲೋಕದಲ್ಲಿ ಕೆಲಸಕ್ಕೆ ಬಾರದು ಎನ್ನುವವರು ಇದನ್ನು ಗಮನಿಸಬೇಕು.

ಆ ನೌಕೆಯಲ್ಲಿ ಸ್ಪಾಕನೊಬ್ಬನೇ ಹೊರಗಿನವನಾಗಿರಲಿಲ್ಲ. ಸಂದೇಶಗಳನ್ನು ನೋಡಿಕೊಳ್ಳುತ್ತಿದ್ದ ಉಹೂರಾ ಆಫ್ರಿಕದವಳು. ಆಕೆಯ ಹೆಸರು ಸ್ವಾತಂತ್ರ್ಯ ಎಂಬ ಅರ್ಥದ ಸ್ವಾಹಿಲಿ ಪದದಿಂದ ಬಂದದ್ದು. ಆ ಪಾತ್ರದಿಂದ ಸ್ಫೂರ್ತಿ ಪಡೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು. ನೌಕೆ ನಡೆಸುತ್ತಿದ್ದ ಸುಲುವಿನ ಪಾತ್ರ ಮಾಡಿದ ಜಾರ್ಜ್ ಟಕೇಯ್ ಜಪಾನೀ ಮೂಲದವರು. ಅಮೆರಿಕದಲ್ಲೇ ಹುಟ್ಟಿದ್ದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ಕುಟುಂಬವನ್ನು ಶತ್ರುಗಳೆಂಬಂತೆ ಶಿಬಿರದಲ್ಲಿ ಕೂಡಿಹಾಕಿದ್ದರು. ಅಮೆರಿಕಕ್ಕೂ ರಷ್ಯಕ್ಕೂ ಹಾವು ಮುಂಗುಸಿಯ ಸಂಬಂಧವಿದ್ದ ಕಾಲದಲ್ಲಿ ಅದೇ ನೌಕೆಯಲ್ಲಿ ಚೆಕಾಫ್ ಎಂಬ ರಷ್ಯದ ಹುಡುಗನೂ ಇದ್ದ. ನಮ್ಮ ಬೀದಿಯ ಮಕ್ಕಳಿಗೆ ಇದೇನೂ ವಿಚಿತ್ರವೆನಿಸಲಿಲ್ಲ. ನಮ್ಮ ಚಾಪೆಯ ಮೇಲೂ ನಾಲ್ಕು ಭಾಷೆಯವರು ಕೂತಿದ್ದೆವು.

ಈ ಮಾತಿಗೆಲ್ಲ ಬೆಲೆ ಕಟ್ಟಬೇಕಾದ ದಿನವೊಂದು ಬಂತು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶದ ವಿಚಾರವಾಗಿ ಬೆಂಗಳೂರಿನಲ್ಲಿ ಗಲಭೆಯೆದ್ದಿತು. ತಮಿಳು ಮಾತಾಡುವವರ ಮನೆ ಅಂಗಡಿಗಳ ಮೇಲೆ ದಾಳಿಗಳಾದವು, ಪ್ರಾಣಗಳೂ ಹೋದವು. ಇತ್ತ ನಮ್ಮ ಕಡೆ ಕನ್ನಡದ ಮನೆಗಳವರಿಗೂ ಅಂಜಿಕೆ. ಅಣ್ಣ ಆಗ ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಬಾಡಿಗೆ ಕೋಣೆಯಲ್ಲಿದ್ದ. ಕೋಣೆಯಲ್ಲಿ ಅವನ ಜೊತೆಗಾರ ಸೇಲಮ್ಮಿನ ಹುಡುಗ. ಎರಡು ದಿನ ಏನೂ ಸುದ್ದಿಯಿಲ್ಲ. ಅವ್ವ ಒಲೆ ಹೊತ್ತಿಸಲಿಲ್ಲ. ಫೋರ್‌ಮನ್ನರ ಹೆಂಡತಿ ಅನ್ನ ಸಾರು ತಂದಿಟ್ಟು, ಮಾತಿಲ್ಲದೆ ಅವ್ವನ ಪಕ್ಕದಲ್ಲಿ ಕೂತಿದ್ದರು. ಅಜ್ಜಿ ಜಗಲಿ ಬಿಟ್ಟು ಏಳಲಿಲ್ಲ.

ಮೂರನೆಯ ದಿನ ಸಂಜೆ ಇಬ್ಬರೂ ನಡೆದುಕೊಂಡು ಬಂದರು. ಕಾಲೆಲ್ಲ ಬೊಬ್ಬೆ. ಅಜ್ಜಿ ಕೇಳಿದಳು, "ಹ್ಯಾಗ್ ಬಂದಿರೋ ಮಕ್ಕಳಾ?"

ಅಣ್ಣ ಹೇಳಿದ, "ಅತ್ತಿಬೆಲೆವರೆಗೂ ಇವನಿಗೆ ಬಾಯಿ ತೆರೀಬೇಡ ಅಂದಿದ್ದೆ ಅಜ್ಜಿ. ಕೇಳಿದೋರಿಗೆಲ್ಲ ನಾನೇ ಕನ್ನಡದಲ್ಲಿ ಉತ್ತರ ಕೊಟ್ಟೆ. ಗಡಿ ದಾಟಿದ ಮೇಲೆ ನಾನು ಬಾಯಿ ಮುಚ್ಚಿದೆ, ಇವನು ಮಾತಾಡಿದ."

ಅಜ್ಜಿ ಇಬ್ಬರ ತಲೆಯನ್ನೂ ಸವರಿ, "ಚೂಪುಗಿವಿಯವನ ಕೆಲಸ ಮಾಡಿದಿರಿ ಕಣ್ರೋ" ಎಂದಳು. ಸೇಲಮ್ಮಿನ ಹುಡುಗನಿಗೆ ಆ ಮಾತು ಅರ್ಥವಾಗಲಿಲ್ಲ. ಅಣ್ಣ ತಮಿಳಿನಲ್ಲಿ ಬಿಡಿಸಿ ಹೇಳಿದಾಗ ಅವನು ನಗಲು ಹೋಗಿ ಅತ್ತುಬಿಟ್ಟ. ಆ ರಾತ್ರಿ ಅವನು ನಮ್ಮ ಮನೆಯಲ್ಲೇ ಮಲಗಿ, ಮಾರನೆಯ ಬೆಳಿಗ್ಗೆ ಸೇಲಂ ಬಸ್ಸು ಹತ್ತಿದ. 'ನಾವು ಯಾವ ಕಡೆಯವರು?' ಎಂದು ನಾವು ಅಪ್ಪನನ್ನು ಮತ್ತೆಂದೂ ಕೇಳಲಿಲ್ಲ.

ಹಿರಿಯರು ಕೆಲವರು, 'ಕಟ್ಟುಕಥೆ ನೋಡಿ ಏನು ಬಂತು? ಅಷ್ಟು ಹೊತ್ತು ಓದಿದ್ದರೆ ನಾಲ್ಕು ಅಂಕವಾದರೂ ಬರುತ್ತಿತ್ತು' ಎನ್ನಬಹುದು. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಕಟ್ಟುಕಥೆಯೇ ನಮ್ಮನ್ನು ನಿಜದ ಲೆಕ್ಕಕ್ಕೆ ಕೂರಿಸಿತು. 'ಬೆಳಕಿಗಿಂತ ವೇಗವಾಗಿ ಹೋಗಲು ಆಗುತ್ತದೆಯೆ ಸಾರ್?' ಎಂದು ಅಣ್ಣ ವಿಜ್ಞಾನದ ಮೇಷ್ಟರನ್ನು ಕೇಳಿದಾಗ, ಅವರು ಗದರದೆ ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. ಚಂದ್ರನಿಂದ ಇಲ್ಲಿಗೆ ಬರಲು ಅದಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಸೂರ್ಯನಿಂದ ಸುಮಾರು 8 ನಿಮಿಷ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರದಿಂದ 4 ವರ್ಷಕ್ಕೂ ಮೇಲೆ. 1977ರಲ್ಲಿ ಹಾರಿದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರು ವೇಗದಲ್ಲಿ ಓಡುತ್ತಿದೆ. ಅಷ್ಟು ದೂರ ಕ್ರಮಿಸಲು ಅದಕ್ಕೆ 70,000 ವರ್ಷಗಳೂ ಸಾಲವು. ಬೆಳಕಿನ ವೇಗವನ್ನು ಯಾವ ವಸ್ತುವೂ ಮೀರಲಾರದೆಂದು ಮೇಷ್ಟರು ಹೇಳಿದಾಗ ನಮಗೆ ನಿರಾಶೆಯಾದದ್ದು ನಿಜ. ಆದರೆ ಆ ದಿನದಿಂದ ರಾತ್ರಿಯ ಆಕಾಶ ನಮಗೆ ಬೇರೆಯಾಗಿ ಕಂಡಿತು. ನಮ್ಮ 'ಕರಗುವ ಕಟ್ಟೆ'ಯ ಗುಟ್ಟು ಕೂಡ ಮುಂದೆ ತಿಳಿಯಿತು. ಪ್ರತಿ ವಾರವೂ ಅಷ್ಟು ದೊಡ್ಡ ನೌಕೆಯನ್ನು ಗ್ರಹದ ಮೇಲೆ ಇಳಿಸಿ ಚಿತ್ರೀಕರಿಸಲು ತಯಾರಕರ ಬಳಿ ಹಣವಿರಲಿಲ್ಲವಂತೆ. ಬಡತನವೂ ಒಮ್ಮೊಮ್ಮೆ ಒಳ್ಳೆಯ ಕಲ್ಪನೆಯನ್ನು ಹೆರುತ್ತದೆ!

ಆಮೇಲೆ ನಮ್ಮ ದೂರದರ್ಶನವೂ ಇಂಥ ಧಾರಾವಾಹಿಗಳನ್ನು ತಂದಿತು. 1989ರ 'ಇಂದ್ರಧನುಷ್' ಬಂತು, 1998ರ 'ಕ್ಯಾಪ್ಟನ್ ವ್ಯೋಮ್' ಬಂತು. ನಮ್ಮ ತಮ್ಮಂದಿರು, ಅವರ ಅನಂತರದವರು ಅವನ್ನು ನೋಡಿ ಬೆಳೆದರು. ಈಗಿನ ಮಕ್ಕಳು ಬೇಕಾದ ಕಥೆಯನ್ನು ಬೇಕಾದ ಹೊತ್ತಿಗೆ ಅಂಗೈಯಲ್ಲಿಯೇ ನೋಡುತ್ತಾರೆ. ಆಂಟೆನಾ ತಿರುಗಿಸುವ ಕಷ್ಟ ಅವರಿಗಿಲ್ಲ, ಒಂದೇ ಚಾಪೆಯ ಮೇಲೆ ಕೂರುವ ಸುಖವೂ ಇಲ್ಲ.

ಕಥೆಗಿಂತ ಸೊಗಸಾದ ಒಂದು ನಿಜವನ್ನು ಇಲ್ಲಿ ಹೇಳಬೇಕು. ಚಂದ್ರಯಾನ-2ರ ತಯಾರಿಯಲ್ಲಿ ಬೆಂಗಳೂರಿನ ಇಸ್ರೋ ವಿಜ್ಞಾನಿಗಳಿಗೆ ಚಂದ್ರನ ಮಣ್ಣನ್ನು ಹೋಲುವ ಮಣ್ಣು ಬೇಕಾಗಿತ್ತು. ಇಳಿಯುವ ನೌಕೆಯನ್ನೂ ಅದರೊಳಗಿನ ಪುಟ್ಟ ಗಾಡಿಯನ್ನೂ ಅದರ ಮೇಲೆ ಪರೀಕ್ಷಿಸಬೇಕಿತ್ತು. ಚಂದ್ರನ ಎತ್ತರದ ಪ್ರದೇಶಗಳಲ್ಲಿರುವಂಥ ಅನಾರ್ಥೊಸೈಟ್ ಎಂಬ ಕಲ್ಲು ಅವರಿಗೆ ಸಿಕ್ಕಿದ್ದು ನಾಮಕ್ಕಲ್ ಜಿಲ್ಲೆಯ ಸೀತಂಪೂಂಡಿ ಮತ್ತು ಕುನ್ನಮಲೈ ಹಳ್ಳಿಗಳಲ್ಲಿ. 1997ರವರೆಗೆ ಅವು ಸೇಲಂ ಜಿಲ್ಲೆಯ ಹಳ್ಳಿಗಳು. ಆ ಕಲ್ಲನ್ನು ಪುಡಿಮಾಡಿ ಬೆಂಗಳೂರಿಗೆ ಸಾಗಿಸಿದರು. ಅಲ್ಲಿ ಅದು ಚಂದ್ರನ ನೆಲವಾಯಿತು. 2019ರ ಪ್ರಯತ್ನ ಕೈಗೂಡಲಿಲ್ಲ. ಆದರೆ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ಚಂದ್ರನ ದಕ್ಷಿಣ ಧ್ರುವದ ಬಳಿ ಮೆಲ್ಲನೆ ಇಳಿಯಿತು. ಅಂದು ನಮ್ಮ ಅಣ್ಣ ಫೋನು ಮಾಡಿ ಆಡಿದ್ದು ಒಂದೇ ಮಾತು, "ಸೇಲಂ ಮಣ್ಣು, ಬೆಂಗಳೂರಿನ ಯಂತ್ರ! ಅಜ್ಜಿ ಇರಬೇಕಿತ್ತು ಕಣೋ."

ಅಜ್ಜಿ ಈಗಿಲ್ಲ. ಲೆನಾರ್ಡ್ ನಿಮಾಯ್ ಅವರೂ 2015ರ ಫೆಬ್ರವರಿ 27ರಂದು, ತಮ್ಮ 83ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಖ ಕಾಣದ, ನಮ್ಮ ಮಾತು ತಿಳಿಯದ ಒಬ್ಬ ನಟನಿಗಾಗಿ ಹೊಸೂರಿನ ಒಂದು ಮನೆಯಲ್ಲಿ ಅಂದು ದೀಪ ಹಚ್ಚಿಟ್ಟರೆಂದರೆ ನಗುವವರು ನಗಲಿ.

ವಿದ್ಯಾರ್ಥಿ ಮಿತ್ರರೇ, ನೀವು ಮನೆಯಲ್ಲಿ ಕನ್ನಡ ಆಡುತ್ತೀರಿ, ಶಾಲೆಯಲ್ಲಿ ಕನ್ನಡದ ಜೊತೆಗೆ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತೀರಿ, ಅಂಗಡಿಯಲ್ಲಿ ತೆಲುಗು ಕೇಳುತ್ತೀರಿ. ಇದು ಹೊರೆಯೆಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ನಿಮಗೆ ಇಷ್ಟವಾದ ಕಥೆ ಯಾವ ಭಾಷೆಯಲ್ಲಿ ಬಂದರೂ ನೋಡಿ. ನೋಡಿದ ಮೇಲೆ ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ. ಪದ ಸಿಗದಿದ್ದರೆ ನೀವೇ ಕಟ್ಟಿ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳು ಹೇಳಲು ಬಂದಾಗ ಕೈಯಲ್ಲಿನ ಕೆಲಸ ಬಿಟ್ಟು ಒಂದು ಗಳಿಗೆ ಕೂತು ಕೇಳಿ. ಕೇಳುವ ಅಜ್ಜಿಯೊಬ್ಬಳು ಜಗಲಿಯ ಮೇಲಿದ್ದುದರಿಂದ ಅಣ್ಣ ಅಷ್ಟು ದೂರದ ಕಥೆಯನ್ನು ನಮ್ಮ ಮನೆಗೆ ತಂದ.